ಆತಕೂರಿನ ಕಾಳಿ, ಮನ್ಮಾಡ್ ದಾರಿಯ ಚಂಪಿ

ಬೇಸಿಗೆಯ ರಜೆ ಸಮೀಪಿಸಿತೆಂದರೆ ನಾಸಿಕ್ ರೋಡಿನ ನಮ್ಮ ಕನ್ನಡ ಮನೆಗಳಲ್ಲಿ ಊರಿಗೆ ಹೊರಡುವ ಗಡಿಬಿಡಿ. ಟ್ರಂಕು, ಹಾಸಿಗೆ ಸುರುಳಿಗಳ ಕಾಲ ಹೋಯಿತು. ಮನ್ಮಾಡಿನಲ್ಲಿ ಗಾಡಿ ಬದಲಿಸುವ ತಾಪತ್ರಯ ಉಳಿದೇ ಇದೆ. ಈಚೆಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೂಡಿಕೊಂಡಿದೆ. ಮನೆಯ ನಾಯಿಯನ್ನು ಏನು ಮಾಡುವುದು? ಅದು ಬಸುರಿಯಾಗಿದ್ದರಂತೂ? ವರ್ಗವಾಗಿ ಕ್ವಾರ್ಟರ್ಸ್ ಖಾಲಿ ಮಾಡಿ ಹೋದವರ ನಾಯಿ, ಬೀಗ ಹಾಕಿದ ಬಾಗಿಲೆದುರು ದಿನಗಟ್ಟಲೆ ಮಲಗಿರುವುದನ್ನು ನಾವೆಲ್ಲ ಕಂಡವರೇ. ಕಂಡು ಮುಂದೆ ನಡೆದವರೂ ಹೌದು.

ಸಾಕಿದವನಿಗೂ ನಾಯಿಗೂ ಇರುವ ಋಣವನ್ನು ನಮ್ಮ ಹಿರಿಯರು ಕಲ್ಲಿನ ಮೇಲೆಯೇ ಬರೆಸಿಟ್ಟಿದ್ದಾರೆಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ವೀರಗಲ್ಲೊಂದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ 872, ಅಂದರೆ ಕ್ರಿ.ಶ. 949-50ರ ಕನ್ನಡ ಶಾಸನ ಅದು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಶಿಲ್ಪವಿದೆ.

ಆಗ ಆಳುತ್ತಿದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ಇವನ ವಂಶದವನೇ ಆದ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯ, ಇಲ್ಲೇ ಛತ್ರಪತಿ ಸಂಭಾಜಿನಗರದ ಬಳಿಯ ಎಲ್ಲೋರದಲ್ಲಿದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಹೇಳುವ ಆ ಗೋದಾವರಿಯ ನೀರನ್ನೇ ನಾವು ದಿನವೂ ಕುಡಿಯುತ್ತಿದ್ದೇವೆ. ಆದ್ದರಿಂದ ಆತಕೂರಿನ ಕಥೆ ದೂರದ್ದೆಂದು ನಮಗೆ ತೋರುವುದಿಲ್ಲ.

ತಕ್ಕೋಲದ ಕಾಳಗದಲ್ಲಿ ಕೃಷ್ಣನ ಭಾವ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಪಡೆಯಲ್ಲಿ ಮಣಲೇರನೆಂಬ ವೀರನಿದ್ದ. ಅವನ ಶೌರ್ಯಕ್ಕೆ ಮೆಚ್ಚಿದ ಬೂತುಗ, ಬೇಕಾದುದನ್ನು ಕೇಳೆಂದ. ಊರು, ಉಂಬಳಿ ಏನನ್ನಾದರೂ ಕೇಳಬಹುದಿತ್ತು. ಮಣಲೇರ ಬೇಡಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಮುಂದೆ ಕೆಲಲೆನಾಡಿನ ಬೆಳತೂರ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟುಕೊಟ್ಟ.

ಇಷ್ಟಕ್ಕೇ ಮುಗಿದಿದ್ದರೆ ಅದು ಅರಸುಮಕ್ಕಳ ಶೋಕಿ ಎನ್ನಬಹುದಿತ್ತು. ಶಾಸನದ ಕೊನೆಯ ಮಾತು ನಮಗೆ ಮುಖ್ಯ. ಆ ಗುಡಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆಂದು ಬರೆದಿದೆ. ಗಮನಿಸಿ, ಮೊದಲು ನಾಯಿಯ ಸಲ್ಲಿಕೆ, ಆಮೇಲೆ ಮನುಷ್ಯನ ಊಟ.

ಗೊರವನೆಂದ ಕೂಡಲೇ ಮೈಲಾರದ ಗೊರವಯ್ಯಗಳ ನೆನಪಾಗುತ್ತದೆ. ದೋಣಿಯೆಂಬ ಪಾತ್ರೆಗೆ ಬಾಯಿ ಹಚ್ಚಿ, ಬೊಗಳಿ, ತಾವು ದೇವರ ನಾಯಿಗಳೆಂದು ಮೆರೆಯುವವರು ಅವರು. ಮೈಲಾರನೇ ಇಲ್ಲಿಯ ಖಂಡೋಬ. ಜೇಜೂರಿಯ ವಾಘ್ಯಾಗಳದೂ ಅದೇ ಪರಂಪರೆ. ನಮ್ಮ ದೇವಳಾಲಿಯ ಖಂಡೋಬ ಟೇಕಡಿ ಹತ್ತುವಾಗ ನಾವು ಪರದೇಶದ ದೇವರ ಬಳಿಗೆ ಹೋಗುತ್ತಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಸೇವೆ ಮಾಡಿದ ನಾಯಿಗೆ ಗೌರವ ಸಲ್ಲಿಸುವುದು ಈ ಕಾಲಕ್ಕೂ ತಪ್ಪಿಲ್ಲ. 1993ರ ಮುಂಬಯಿ ಸ್ಫೋಟಗಳ ವೇಳೆ ಆರ್‌ಡಿಎಕ್ಸ್ ಪತ್ತೆ ಮಾಡಿದ ಪೊಲೀಸ್ ನಾಯಿ ಜಂಜೀರ್ 2000ದಲ್ಲಿ ತೀರಿಕೊಂಡಾಗ ಪೊಲೀಸರು ಮರ್ಯಾದೆಯಿಂದ ಬೀಳ್ಕೊಟ್ಟರು. ನಮ್ಮ ಮುಧೋಳದ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಅದರ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್ತಿಗೆ ಹೋದವು. ಕೆಲಸ ಮಾಡದ ಮನೆನಾಯಿಗೆ ಕಲ್ಲೂ ಇಲ್ಲ, ಚೀಟಿಯೂ ಇಲ್ಲ. ಅದರ ಪಾಲಿಗೆ ಇರುವುದು ಕಾಯಿದೆಯ ಒಂದು ಸಾಲು.

1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ 1978ರಲ್ಲಿ ಪ್ರಾಣಿಗಳ ಸಾಗಾಣಿಕೆಯ ನಿಯಮಗಳು ಬಂದವು. ದಿನ ತುಂಬುತ್ತ ಬಂದ ಬಸುರಿ ನಾಯಿಯನ್ನಾಗಲಿ ಬೆಕ್ಕನ್ನಾಗಲಿ ಸಾಗಿಸಕೂಡದೆಂದು ಅಲ್ಲಿ ಸ್ಪಷ್ಟವಾಗಿದೆ. ಹಾಲು ಬಿಡದ ಮರಿಗಳನ್ನು ತಾಯಿಯಲ್ಲದೆ ಬೇರೆ ದೊಡ್ಡ ನಾಯಿಯೊಡನೆ ಕಳಿಸಕೂಡದು. ಪ್ರಯಾಣಕ್ಕೆ ತಕ್ಕ ಆರೋಗ್ಯವಿದೆಯೆಂದು ಪಶುವೈದ್ಯರ ಚೀಟಿ ಬೇಕು. ನಾಯಿಯ ಬಸಿರು ಸುಮಾರು 63 ದಿನ, ಒಂಬತ್ತೇ ವಾರ. ಅದು ತಿಳಿದಿದ್ದರೆ ಲೆಕ್ಕ ಹಾಕುವುದು ಕಷ್ಟವಲ್ಲ. ರೈಲಿನಲ್ಲಿ ನಾಯಿಯನ್ನು ಜೊತೆಗಿಟ್ಟುಕೊಳ್ಳಬೇಕಾದರೆ ಮೊದಲ ದರ್ಜೆಯ ಕೂಪೆಯೋ ಕ್ಯಾಬಿನ್ನೋ ಪೂರ್ತಿ ನಿಮ್ಮದಾಗಿರಬೇಕು. ಇಲ್ಲವಾದರೆ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ ಗಾರ್ಡಿನ ಡಬ್ಬಿಯ ನಾಯಿಪೆಟ್ಟಿಗೆಗೆ ಹಾಕಬೇಕು. ಅನ್ನ ನೀರಿನ ಹೊಣೆ ಒಡೆಯನದೇ.

ಈ ನಿಯಮ ನಮಗೆ ತಿಳಿದಿರಲಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಗುಲಬರ್ಗಾಕ್ಕೆ, ಈಗಿನ ಕಲಬುರಗಿಗೆ, ಹೊರಟಾಗ ನಮ್ಮ ಚಂಪಿಗೆ ದಿನ ತುಂಬಿತ್ತು. ನೆರೆಮನೆಯ ಕಾಕೂ, "ಇಲ್ಲೇ ಬಿಟ್ಟು ಹೋಗಿರಿ, ನಾನು ನೋಡಿಕೊಳ್ಳುತ್ತೇನೆ" ಎಂದು ಎರಡು ಸಲ ಹೇಳಿದ್ದರು. ಅವರಿಗೆ ಭಾರವಾಗಬಾರದೆಂಬ ಸಂಕೋಚದಲ್ಲಿ ಚಂಪಿಯನ್ನು ಪೆಟ್ಟಿಗೆಗೆ ಹಾಕಿದೆವು. ಮನ್ಮಾಡಿನಲ್ಲಿ ಇಳಿಸಿ ನೀರು ಕುಡಿಸಿ, ಮತ್ತೆ ಹತ್ತಿಸಿದೆವು. ದೌಂಡ್ ಬಂದಾಗ ಮಕ್ಕಳಿಗೆ ನಿದ್ದೆ, ನಮಗೂ ನಿದ್ದೆ. ಸೊಲ್ಲಾಪುರದಲ್ಲಿ ಹೋಗಿ ನೋಡಿದರೆ ತಗಡಿನ ಕತ್ತಲೆಯಲ್ಲಿ ನಾಲ್ಕು ಮರಿ ಹಾಕಿದ್ದಳು. ಎರಡು ಆಗಲೇ ಸತ್ತಿದ್ದವು. ತಪ್ಪು ಗಾಡಿಯದಲ್ಲ, ಪೆಟ್ಟಿಗೆಯದಲ್ಲ, ನಮ್ಮದೇ.

ಊರ ಮನೆಯ ಹೊಸ್ತಿಲಲ್ಲಿ ಅವ್ವ ಬುಟ್ಟಿಯೊಳಗಿನ ಮರಿಗಳನ್ನು ನೋಡಿದಳು, ನಮ್ಮನ್ನು ನೋಡಿದಳು. "ಬಸುರಿ ಹೆಂಗಸಿಗೆ ಕೆಳಗಿನ ಬರ್ತ್ ಹುಡುಕ್ತೀರಿ, ಇದಕ್ಕ ತಗಡಿನ ಪೆಟ್ಟಿಗಿ ಏನೋ?" ಎಂದಳು. ನಮಗೆ ಬಡಿಸುವ ಮೊದಲು ಚಂಪಿಗೆ ಗಂಗಾಳದಲ್ಲಿ ಹಾಲು ರೊಟ್ಟಿ ಕಲಸಿಟ್ಟಳು. ಅವ್ವನಿಗೆ ಆತಕೂರಿನ ಹೆಸರೂ ಗೊತ್ತಿರಲಿಲ್ಲ. ರಜೆ ಮುಗಿದಾಗ ಚಂಪಿಯನ್ನೂ ಮರಿಗಳನ್ನೂ ಅವಳ ಬಳಿಯೇ ಬಿಟ್ಟು ಬಂದೆವು. ದೀಪಾವಳಿಗೆ ಮತ್ತೆ ಹೋದಾಗ ಕರೆತಂದೆವು, ಆ ಸಲ ಕೂಪೆಯಲ್ಲಿ.