ದಫ್ತರದೊಳಗಿನ ಕಾಲೇಜು

ಮೈಸೂರಿನ ಮಹಾರಾಜಾ ಕಾಲೇಜಿನ ವಯಸ್ಸೆಷ್ಟು ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ಏನು ಹೇಳುವಿರಿ? 1833 ಎಂದು ಹಿಡಿದು ಲೆಕ್ಕ ಹಾಕುವವರುಂಟು. ಈಗಿನ ಕಟ್ಟಡದ ಅಸ್ತಿಭಾರ ಬಿದ್ದ 1889ನ್ನು ನೆನೆಯುವವರುಂಟು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ 1916ರಿಂದಲೇ ಅದು ನಿಜವಾದ ಕಾಲೇಜೆನ್ನುವವರೂ ಇಲ್ಲದಿಲ್ಲ. ಮೂರಕ್ಕೂ ಕಾಗದದ ಆಧಾರವಿದೆ. ಒಂದು ವಿದ್ಯಾಸಂಸ್ಥೆಯ ಚರಿತ್ರೆಯನ್ನು ಅದರ ದಫ್ತರದಿಂದ ತಿಳಿಯಹೊರಟವರಿಗೆ ಬಾಗಿಲಲ್ಲೇ ಎದುರಾಗುವ ತೊಡಕು ಇದು. ಒಂದೊಂದು ಕಾಗದವೂ ಯಾರೋ ಕೇಳಿದ ಒಂದು ಪ್ರಶ್ನೆಗೆ ಉತ್ತರವಾಗಿ ಬರೆದದ್ದು. ನಮ್ಮ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ.

1833ರ ವಿಷಯವನ್ನೇ ನೋಡಿ. ಅದಕ್ಕೆ ಎರಡು ವರ್ಷ ಹಿಂದೆ, 1831ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯದ ಆಡಳಿತವನ್ನು ಬ್ರಿಟಿಷರು ತೆಗೆದುಕೊಂಡಿದ್ದರು. ಕಂದಾಯ, ಪೊಲೀಸು, ನ್ಯಾಯ ಎಲ್ಲವೂ ಕಮಿಷನರರ ಕೈಗೆ ಹೋಯಿತು. ಅಧಿಕಾರ ಕಳೆದುಕೊಂಡ ಅರಸರು ಮೈಸೂರಿನಲ್ಲಿ ಒಂದು ಉಚಿತ ಇಂಗ್ಲಿಷ್ ಶಾಲೆಯನ್ನು ತೆರೆದರು. ಇಂದಿನ ಕಾಲೇಜಿನ ಬೇರು ಅದು. ಅರಸರ ಶಾಲೆಯಾದ್ದರಿಂದ, ಅದರ ಮೊದಲ ವರ್ಷಗಳನ್ನು ಸರ್ಕಾರದ ವರದಿಗಳಿಗಿಂತ ಅರಮನೆಯ ಲೆಕ್ಕಪತ್ರಗಳಲ್ಲಿ ಹುಡುಕುವುದೇ ನ್ಯಾಯ. ಶಾಸನಗಳ ಸಂಗ್ರಹದಿಂದ ನಮಗೆಲ್ಲ ಪರಿಚಿತರಾದ ಬಿ. ಎಲ್. ರೈಸ್ ಅವರು ವಿದ್ಯಾಭ್ಯಾಸ ಇಲಾಖೆಯಲ್ಲಿ ದುಡಿದವರು. ಅವರ ಮೈಸೂರು ಗೆಜೆಟಿಯರಿನಲ್ಲಿ ಶಾಲೆಗಳ ಸಂಗತಿಗೂ ಜಾಗ ಸಿಕ್ಕಿತು. ಶೋಧಕರು ಮೊದಲು ಕೈಹಾಕುವುದು ಆ ಗ್ರಂಥಕ್ಕೇ.

ಶಾಲೆ ಕಾಲೇಜಾದ ಮೇಲೆ ದಾರಿ ಮದರಾಸಿನ ಕಡೆಗೆ ತಿರುಗುತ್ತದೆ. 1916ರ ವರೆಗೆ ಮೈಸೂರಿನ ಹುಡುಗರು ಬರೆಯುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳನ್ನು. ಆದ್ದರಿಂದ ಮೈಸೂರಿನ ಒಂದು ಕಾಲೇಜಿನ ಚರಿತ್ರೆಯ ದೊಡ್ಡ ಪಾಲು ಮದರಾಸಿನ ಕ್ಯಾಲೆಂಡರುಗಳಲ್ಲಿ ಅಡಗಿದೆ. ತಾರೀಖು ನೋಡುವ ಕ್ಯಾಲೆಂಡರಲ್ಲ. ವಿಶ್ವವಿದ್ಯಾನಿಲಯಗಳು ವರ್ಷಕ್ಕೊಮ್ಮೆ ಅಚ್ಚು ಹಾಕುತ್ತಿದ್ದ ದಪ್ಪ ಪುಸ್ತಕ. ತೇರ್ಗಡೆಯಾದವರ ಹೆಸರು, ದರ್ಜೆ, ಕಾಲೇಜು ಅದರಲ್ಲಿ ಸಿಗುತ್ತವೆ. ನಪಾಸಾಗಿ ಊರಿಗೆ ಹಿಂದಿರುಗಿ ಶಾನುಭೋಗಿಕೆ ಹಿಡಿದವನ ಹೆಸರನ್ನು ಯಾರು ಅಚ್ಚು ಹಾಕುತ್ತಾರೆ?

ಅವನನ್ನು ಕಾಣಬೇಕಾದರೆ ಕಾಲೇಜಿನ ಪ್ರವೇಶ ರಿಜಿಸ್ಟರಿಗೇ ಬರಬೇಕು. ಹುಡುಗನ ಹೆಸರು, ತಂದೆಯ ಹೆಸರು, ವಯಸ್ಸು, ಊರು, ಜಾತಿ: ಇಂಥ ಪುಸ್ತಕಗಳ ಕಾಲಮ್ಮುಗಳು ಇವು. ಜಾತಿಯ ಕಾಲಮ್ಮನ್ನು ಓದುವಾಗ ಇಂದು ನಮಗೆ ಮುಜುಗರವಾಗುತ್ತದೆ. ಆದರೂ ನನ್ನ ಅಭಿಪ್ರಾಯದಲ್ಲಿ ಇಡೀ ದಫ್ತರದಲ್ಲಿ ಅದಕ್ಕಿಂತ ಹೆಚ್ಚಿಗೆ ಹೇಳುವ ಕಾಲಂ ಬೇರೊಂದಿಲ್ಲ. ಬೆಂಚುಗಳ ಮೇಲೆ ಯಾರು ಕುಳಿತಿದ್ದರು, ಯಾರು ಕುಳಿತಿರಲಿಲ್ಲ ಎಂಬುದನ್ನು ಭಾಷಣಗಳು ಮರೆಸಬಹುದು. ಎಣಿಸುವ ಬೆರಳಿಗೆ ಅದು ತಪ್ಪಿಸಿಕೊಳ್ಳಲಾರದು.

ಈ ಎಣಿಕೆ ಆ ಕಾಲದವರಿಗೂ ದೊಡ್ಡ ಸಂಗತಿಯೇ ಆಗಿತ್ತು. ಸರ್ಕಾರಿ ಹುದ್ದೆಗಳು ಹೆಚ್ಚಾಗಿ ಬ್ರಾಹ್ಮಣರ ಕೈಯಲ್ಲಿವೆ, ಕಾಲೇಜು ಮೆಟ್ಟಿಲು ಹತ್ತಿದವರು ಅವರೇ ಆದ್ದರಿಂದ ಹೀಗಾಗಿದೆ ಎಂಬ ಕೂಗೆದ್ದು, ಮೈಸೂರು ಸರ್ಕಾರವು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಮರುವರ್ಷ ಅದರ ವರದಿ ಬಂತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಸಮಿತಿ ಹೇಳಿತು. ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಮಾತನ್ನೂ ಎತ್ತಿತು. ಹುದ್ದೆಯ ಜಗಳವೆಂದು ಕೆಲವರು ಇದನ್ನು ತಳ್ಳಿಹಾಕುವುದುಂಟು. ಪ್ರವೇಶ ರಿಜಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ವರದಿಯನ್ನು ಓದಿದರೆ ಹಾಗೆ ತಳ್ಳಿಹಾಕುವುದು ಕಷ್ಟ.

ಆದರೆ ರಿಜಿಸ್ಟರು ಬಂದವನನ್ನು ಮಾತ್ರ ಬರೆದುಕೊಳ್ಳುತ್ತದೆ. ಬಾರದವನು ಏಕೆ ಬರಲಿಲ್ಲ? ಫೀಜು ಒಂದು ಕಾರಣ; ಊಟ, ಇಳಿದುಕೊಳ್ಳಲು ಜಾಗ ಇನ್ನೂ ದೊಡ್ಡ ಕಾರಣ. ಬಡ ಬ್ರಾಹ್ಮಣರ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಸಿಗುತ್ತಿತ್ತು. ಹಳ್ಳಿಯಿಂದ ಬಂದ ಒಕ್ಕಲಿಗರ ಹುಡುಗನಿಗೆ ಅಂಥ ಏರ್ಪಾಡು ಎಲ್ಲಿತ್ತು? ಹೊಲೆಯರ ಹುಡುಗನ ಮಾತಂತೂ ದೂರ. ಆಯಾ ಸಮಾಜದವರು ಕಟ್ಟಿದ ವಿದ್ಯಾರ್ಥಿನಿಲಯಗಳು ಈ ಕೊರತೆಯನ್ನು ತುಂಬಲು ಹುಟ್ಟಿದಂಥವು. ಕಾಲೇಜಿನ ಚರಿತ್ರೆಯನ್ನು ಬರೆಯುವವರು ಈ ನಿಲಯಗಳ ಲೆಕ್ಕದ ಪುಸ್ತಕಗಳನ್ನೂ, ಅನ್ನವಿಟ್ಟ ತಾಯಂದಿರ ನೆನಪುಗಳನ್ನೂ ಕೂಡಿಸಿಕೊಳ್ಳಬೇಕು. ವಾರಾನ್ನಕ್ಕೆ ರಿಜಿಸ್ಟರಿನಲ್ಲಿ ಕಾಲಂ ಎಲ್ಲಿಯದು?

ಮಲೆನಾಡಿನಿಂದ ಬಂದ ಪುಟ್ಟಪ್ಪ ಎಂಬ ಯುವಕ ವಿದ್ಯಾರ್ಥಿಯಾಗಿದ್ದಾಗಲೇ ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಆಶ್ರಯ ಪಡೆದರು. 1929ರಲ್ಲಿ ಕನ್ನಡ ಎಂ.ಎ. ಮುಗಿಸಿ, ಅದೇ ಕಾಲೇಜಿನಲ್ಲಿ ಉಪನ್ಯಾಸಕರಾದರು. 1955ರಲ್ಲಿ ಪ್ರಿನ್ಸಿಪಾಲರು, 1956ರಲ್ಲಿ ಕುಲಪತಿಗಳು. ದಫ್ತರದಲ್ಲಿ ಇವಿಷ್ಟೂ ನೇಮಕದ ಆಜ್ಞೆಗಳು. ಕುವೆಂಪು ಎಂಬ ಹೆಸರಿನ ಹಿಂದಿನ ಉಳಿದ ಬಾಳನ್ನು ತಿಳಿಯಲು 1980ರಲ್ಲಿ ಬಂದ ಅವರ ‘ನೆನಪಿನ ದೋಣಿಯಲ್ಲಿ’ಯನ್ನೇ ತೆರೆಯಬೇಕು.

ಇನ್ನೊಂದು ಸಂಗತಿ. ಡಾಕ್ಟರ್ ರಾಧಾಕೃಷ್ಣನ್ 1918ರಿಂದ ಈ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿ, 1921ರಲ್ಲಿ ಕಲ್ಕತ್ತೆಗೆ ಹೊರಟರು. ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ನಿಗೆ ಎಳೆದುಕೊಂಡು ಹೋದರೆಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಸರ್ಕಾರಿ ಕಡತಕ್ಕೆ ಬೇಕಾದದ್ದು ಸಂಬಳ, ರಜಾ, ಬಿಡುಗಡೆಯ ದಿನಾಂಕ. ಗಾಡಿ ಎಳೆದ ಬೆವರು ನೋಡಿದವರ ಬಾಯಿಂದಲೇ ಬರಬೇಕು.

ನಿಮ್ಮ ಮನೆಯ ರೇಡಿಯೋಗೂ ಈ ಕಾಲೇಜಿಗೂ ಒಂದು ನಂಟುಂಟು. ಇಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಕೇವಲ 30 ವಾಟ್ ಶಕ್ತಿಯ ಪ್ರೇಷಕವನ್ನಿಟ್ಟು ಬಾನುಲಿ ಆರಂಭಿಸಿದರು. ಹಳೆಯ ಕಾಲದ ಒಂದು ಸಣ್ಣ ಬಲ್ಬಿಗೆ ಸಾಲುವಷ್ಟು ಶಕ್ತಿ! ಆ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. 1950ರ ದಶಕದಲ್ಲಿ ಆ ಹೆಸರು ದೇಶದ ಬಾನುಲಿಗೆಲ್ಲ ನಿಂತಿತು. ಕಾಲೇಜಿನ ದಫ್ತರದ ಪಾಲಿಗೆ ಅವರು ಪ್ರಾಧ್ಯಾಪಕರು, ಮುಂದೆ ಪ್ರಿನ್ಸಿಪಾಲರು. ಸಂಜೆ ಮನೆಯಲ್ಲಿ ಏನು ನಡೆಸುತ್ತಿದ್ದರೆಂಬುದು ಆ ದಫ್ತರದ ವಿಷಯವೇ ಅಲ್ಲ.

ಉಳಿದಿರುವ ಕಾಗದಗಳೇನೋ ಬಹಳ. ಹಳೆಯ ಮೈಸೂರು ಸರ್ಕಾರದ ಕಡತಗಳು ಬೆಂಗಳೂರಿನ ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿವೆ. ಆದರೆ ಕಚೇರಿಗಳಲ್ಲಿ ಇಂಥ ಕಡತ ಸದಾ ಇರಬೇಕು, ಇಂಥದ್ದನ್ನು ಇಷ್ಟು ವರ್ಷದ ಮೇಲೆ ನಾಶಮಾಡಬಹುದು ಎಂದು ವರ್ಗ ಮಾಡುವ ಪದ್ಧತಿಯುಂಟು. ಕಟ್ಟಡ, ಜಮೀನು, ನೇಮಕ ಇವುಗಳಿಗೆ ದೀರ್ಘಾಯುಸ್ಸು. ಹುಡುಗನೊಬ್ಬ ಫೀಜು ಮಾಫಿ ಮಾಡಿರೆಂದು ಬರೆದ ಅರ್ಜಿ ಮೊದಲು ಬೆಂಕಿಗೆ ಹೋಗುವಂಥದು. ಮೇಲೆ ಹೇಳಿದ ಬಾರದವರ ಕಥೆ, ಅರ್ಧಕ್ಕೇ ಬಿಟ್ಟವರ ಕಥೆ ಇದ್ದದ್ದು ಅಂಥ ಅರ್ಜಿಗಳಲ್ಲೇ.

ಕಚೇರಿ ಕಳೆದುಕೊಂಡದ್ದು ಎಷ್ಟೋ ಸಲ ಮನೆಗಳಲ್ಲಿರುತ್ತದೆ. ನಿಮ್ಮ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಅಜ್ಜನ ಫೀಜಿನ ರಶೀತಿ, ಹಾಸ್ಟೆಲಿನ ಊಟದ ಲೆಕ್ಕ, ಮನೆಗೆ ಹಣ ಕೇಳಿ ಬರೆದ ಕಾರ್ಡು ಇದ್ದರೆ ಹಳೇ ಕಾಗದದವನ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಓದಿ. ತರಗತಿಯ ಗುಂಪಿನ ಫೋಟೋ ಇದ್ದರಂತೂ ಹಿರಿಯರನ್ನು ಕೂರಿಸಿಕೊಂಡು, ಯಾರು ಯಾರೆಂದು ಕೇಳಿ, ಪೆನ್ಸಿಲಿನಲ್ಲಿ ಹಿಂಬದಿ ಬರೆದಿಡಿ. ಕುರ್ಚಿಯ ಮೇಲಿನ ಅಧ್ಯಾಪಕರ ಹೆಸರು ಹೇಗೂ ಗೊತ್ತಾಗುತ್ತದೆ. ಕೊನೆಯ ಸಾಲಿನ ಅಂಚಿನಲ್ಲಿ ರುಮಾಲು ಸುತ್ತಿ ನಿಂತ ಜವಾನನ ಹೆಸರನ್ನೂ ಕೇಳಿ ನೋಡಿ. ಗಂಟೆ ಹೊಡೆಯುತ್ತಿದ್ದವನು ಅವನೇ.