ಒಡ್ಡಿನಾಚೆಯ ಕಾಂಡ್ಲಾ

ಅಘನಾಶಿನಿಯ ಗಜನಿ ಗದ್ದೆಗಳನ್ನೂ ಅಲ್ಲಿನ ಕಗ್ಗ ಭತ್ತವನ್ನೂ ಬಲ್ಲವರಿಗೆ ಠಾಣೆ ಖಾಡಿ ಎಂಬ ಕಡಲಚಾಚಿನ ದಂಡೆಯ ಹಳೆಯ ಬೇಸಾಯ ಅಪರಿಚಿತವೆನಿಸದು. ನವಿ ಮುಂಬೈಯ ಕಟ್ಟಡಗಳು ಎದ್ದಿರುವ ತಗ್ಗು ನೆಲದಲ್ಲಿ ಆಗರಿ ಜನ ಉಪ್ಪುನೀರಿಗೆ ಒಡ್ಡು ಹಾಕಿ ಭತ್ತ ಬೆಳೆಯುತ್ತಿದ್ದರು, ಪಕ್ಕದಲ್ಲೇ ಉಪ್ಪಿನಾಗರ ನಡೆಸುತ್ತಿದ್ದರು. ಆ ನೆಲಕ್ಕೆ ಅಲ್ಲಿ ಖಾರ್ ಎನ್ನುತ್ತಾರೆ.

ಒಡ್ಡೆಂದರೆ ಖಾಡಿಯದೇ ಜೇಡಿಮಣ್ಣು. ಜಾಣತನವೆಲ್ಲ ಇದ್ದದ್ದು ತೂಬಿನಲ್ಲಿ. ಭರತದ ನೀರು ಏರಿ ಬಂದು ಒತ್ತಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಗದ್ದೆಯ ಮಳೆನೀರು ಅದನ್ನು ತಳ್ಳಿಕೊಂಡು ಹೊರಬೀಳುತ್ತದೆ. ಮುಂಗಾರು ಮಣ್ಣಿನ ಉಪ್ಪು ತೊಳೆದ ಮೇಲೆ ಬೆಳೆ. ಉಪ್ಪು ತಾಳುವ ಕೆಂಪಕ್ಕಿಯ ಆ ತಳಿಗಳು ಕಾಳಾ ರಾತಾ, ಭುರಾ ರಾತಾ ಎಂಬ ಹೆಸರಿನಲ್ಲಿ ಪನ್ವೇಲ್‌ನ ಸಂಶೋಧನಾ ಕೇಂದ್ರದ ದಾಖಲೆಗೂ ಸೇರಿವೆ.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳಬೇಕಿಲ್ಲ. ಗದ್ದೆಯಾಗಲಿ ಆಗರವಾಗಲಿ ಎಷ್ಟೋ ಕಡೆ ಎದ್ದದ್ದು ಕಾಂಡ್ಲಾ (ಮ್ಯಾಂಗ್ರೋವ್) ಕಡಿದ ಜಾಗದಲ್ಲೇ. ಸೌದೆಗೂ ಅದೇ ಮರ. ಆದರೆ ಒಡ್ಡಿನ ಹೊರಮೈಯಲ್ಲಿ ಕಾಂಡ್ಲಾ ಉಳಿದಷ್ಟೂ ಅಲೆಯ ಪೆಟ್ಟು ಕಡಿಮೆ, ವರ್ಷ ವರ್ಷದ ರಿಪೇರಿಯೂ ಕಡಿಮೆ.

1948ರಲ್ಲಿ ಮುಂಬೈ ಸರ್ಕಾರ ಖಾರ್ ಭೂಮಿಗೆಂದೇ ಕಾಯ್ದೆ ತಂದಿತು. 1970ರಲ್ಲಿ ನವಿ ಮುಂಬೈ ಕಟ್ಟುವ ಸರ್ಕಾರಿ ನಿಗಮ ಸಿಡ್ಕೊ ಹುಟ್ಟಿ, 95 ಹಳ್ಳಿಗಳ ನೆಲ ಹೊಸ ಊರಿನ ನಕ್ಷೆಯೊಳಗೆ ಬಂತು. ತಗ್ಗಿನ ಬಡಾವಣೆಗಳು ಮುಳುಗದಂತೆ ಎಂಜಿನಿಯರುಗಳು ಹೂಡಿದ ಉಪಾಯವೇನು? ಮಳೆನೀರು ಹಿಡಿದಿಡಲು ಕೆರೆ, ಖಾಡಿಯ ಬದಿಗೆ ಒಡ್ಡು, ಭರತಕ್ಕೆ ಮುಚ್ಚಿ ಇಳಿತಕ್ಕೆ ತೆರೆಯುವ ಬಾಗಿಲು. ಇದನ್ನು ಡಚ್ಚರ ತಂತ್ರ ಎಂದು ಕರೆದರು. ಆಗರಿ ಹಿರಿಯರಿಗೆ ನಗು ಬಂದಿದ್ದರೆ ಆಶ್ಚರ್ಯವಿಲ್ಲ.

ಬೇಸಾಯ ನಿಂತ ಕಡೆ ಒಡ್ಡುಗಳನ್ನು ನೋಡುವವರಿಲ್ಲದಾಯಿತು. ಒಡೆದ ಬಾಯಿಂದ ಭರತ ಒಳನುಗ್ಗಿತು. ಅದರ ಜೊತೆ ತೇಲಿಬಂದ ತಿವರ ಎಂಬ ಕಾಂಡ್ಲಾ ಜಾತಿಯ ಬೀಜ ಕೆಸರಿಗೆ ತಾಗಿ ಬೇರಿಳಿಸಿತು. ಸ್ವಲ್ಪ ಕಾಲದಲ್ಲೇ ಪೆನ್ಸಿಲ್ ನೆಟ್ಟಂತೆ ಉಸಿರುಬೇರುಗಳು ಮೇಲೆದ್ದವು. ಯಾರೂ ಗುಂಡಿ ತೋಡದೆ, ಯಾವ ಮಂತ್ರಿಯೂ ಸಸಿ ನೆಡದೆ ಕಾಡು ಮರಳಿತ್ತು. ಮಳೆನೀರಿಗೆಂದು ತೋಡಿ ಹೂಳು ತುಂಬಿದ ಕೆರೆಗಳನ್ನೂ ಅದು ಬಿಡಲಿಲ್ಲ. ಈಗ ಆ ಕೆರೆಗಳ ಹೂಳೆತ್ತಬೇಕಾದರೆ ಕೋರ್ಟಿನ ಮೆಟ್ಟಿಲು ಹತ್ತಬೇಕು.

ಕೋರ್ಟು ನಡುವೆ ಬಂದದ್ದು 2005ರಲ್ಲಿ. ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದು, ಉಲ್ಹಾಸ್ ನದಿ ಕಲ್ಯಾಣ, ಬದಲಾಪುರಗಳಿಗೆ ನುಗ್ಗಿತ್ತು. ಆ ಅಕ್ಟೋಬರಿನಲ್ಲೇ ಬಾಂಬೆ ಹೈಕೋರ್ಟು ರಾಜ್ಯದಾದ್ಯಂತ ಕಾಂಡ್ಲಾ ಕಡಿಯುವುದನ್ನು ತಡೆಯಿತು. 2018ರಲ್ಲಿ ಅಂತಿಮ ತೀರ್ಪು ಕೊಟ್ಟಿತು. 2012ರಲ್ಲಿ ಅರಣ್ಯ ಇಲಾಖೆಯಲ್ಲಿ ಕಾಂಡ್ಲಾಕ್ಕೆಂದೇ ಪ್ರತ್ಯೇಕ ವಿಭಾಗ, 2015ರಲ್ಲಿ ಠಾಣೆ ಖಾಡಿಯಲ್ಲಿ ಫ್ಲೆಮಿಂಗೊ ಅಭಯಾರಣ್ಯ, 2022ರಲ್ಲಿ ಅದಕ್ಕೆ ರಾಮ್ಸಾರ್ ಜೌಗುಭೂಮಿಯ ಪಟ್ಟ.

ಸಮುದ್ರ ಏರುತ್ತಿರುವ ಈ ದಿನಗಳಲ್ಲಿ ಸಸಿ ನೆಡುವ ಉತ್ಸಾಹಕ್ಕೇನೂ ಬರವಿಲ್ಲ. ಆದರೆ ತಮಿಳುನಾಡಿನ ಪಿಚಾವರಂನಲ್ಲಿ ಸೊರಗಿದ ಕಾಂಡ್ಲಾ ಕಾಡು ಚೇತರಿಸಿಕೊಂಡದ್ದು, ಮೊದಲು ಕಾಲುವೆ ತೋಡಿ ಭರತದ ನೀರಿಗೆ ದಾರಿ ಮಾಡಿಕೊಟ್ಟಿದ್ದರಿಂದ. ಇತ್ತ ಮುಂಬೈ-ಅಹಮದಾಬಾದ್ ಬುಲೆಟ್ ರೈಲಿಗಾಗಿ ಸುಮಾರು 20,000 ಕಾಂಡ್ಲಾ ಮರ ಕಡಿಯಲು 2022ರ ಡಿಸೆಂಬರಿನಲ್ಲಿ ಹೈಕೋರ್ಟು ಒಪ್ಪಿತು. ಒಂದಕ್ಕೆ ಐದು ನೆಡುತ್ತೇವೆ ಎನ್ನುತ್ತದೆ ರೈಲು ನಿಗಮ. ಆ ಐದೂ ಬದುಕಬೇಕಾದರೆ ನೆಟ್ಟ ಜಾಗಕ್ಕೆ ಭರತದ ನೀರು ಬಂದು ಹೋಗುತ್ತಿರಬೇಕು.

ಡೋಂಬಿವಲಿ, ಕಲ್ಯಾಣಗಳ ದಂಡೆಗೆ ಇಷ್ಟು ಆರೈಕೆಯೂ ಸಿಕ್ಕಿಲ್ಲ. ಉಲ್ಹಾಸ್ ಖಾಡಿಯ ಆ ಬದಿ ರಾಮ್ಸಾರ್ ಗಡಿಯ ಹೊರಗೇ ಉಳಿದಿದೆ. ಮರಳು ತೆಗೆದು ತೆಗೆದು ದಂಡೆ ಕುಸಿದ ಕಡೆ ಕಾಂಡ್ಲಾ ಬೇರುಸಮೇತ ಹೋಗಿದೆ; ಉಳಿದದ್ದರ ಮೇಲೆ ಕಟ್ಟಡದ ಕಸ ಬೀಳುತ್ತಿದೆ.