ನೋಡಿಕೊಳ್ಳುವವರನ್ನು ನೋಡುವವರು: ಸ್ವೀಡನ್ನಿನ ವೃದ್ಧರ ಆರೈಕೆಯಲ್ಲಿ ತಪಾಸಣೆಯ ಇತಿಹಾಸ



ನಮ್ಮಲ್ಲಿ ಬಹುಮಂದಿ ಈ ದೇಶಕ್ಕೆ ಬಂದಾಗ ತರುಣರು. ಇಂದು ನಾವು ಕಲೆತಾಗ ಮಂಡಿನೋವು, ನಿವೃತ್ತಿವೇತನಗಳ ಪ್ರಸ್ತಾಪವೇ ಹೆಚ್ಚು. ಕಡೆಗಾಲದಲ್ಲಿ ನಮ್ಮನ್ನು ನೋಡಿಕೊಳ್ಳುವವರು ಯಾರು ಎಂದು ಎಲ್ಲರೂ ಕೇಳುತ್ತಾರೆ. ಹಾಗೆ ನೋಡಿಕೊಳ್ಳುವವರನ್ನು ನೋಡುವವರು ಯಾರು ಎಂದು ಕೇಳುವವರು ವಿರಳ. ನನ್ನ ಇಂದಿನ ವಿಷಯ ಅದೇ.

ಈಗಿನ ಸ್ವೀಡನ್ನನ್ನು ಬಲ್ಲವರಿಗೆ ನಂಬುವುದು ಕಷ್ಟವಾದೀತು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಇಲ್ಲಿನ ಹಳ್ಳಿಗಳಲ್ಲಿ ದಿಕ್ಕಿಲ್ಲದ ಬಡವರನ್ನು, ವೃದ್ಧರನ್ನು ಹರಾಜು ಹಾಕುವ ಪದ್ಧತಿಯಿತ್ತು. ನಾವು ಕಂಡ ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ವಸ್ತು ಸಲ್ಲುತ್ತದೆ. ಇಲ್ಲಿ ಅತಿ ಕಡಿಮೆ ಕೂಗಿದವನಿಗೆ ಮನುಷ್ಯ ಸಲ್ಲುತ್ತಿದ್ದ. ಅತ್ಯಲ್ಪ ಹಣಕ್ಕೆ ಅನ್ನ, ಆಸರೆ ಕೊಡಲೊಪ್ಪಿದ ಮನೆಗೆ ಅವನನ್ನು ಒಪ್ಪಿಸಿ, ಆ ಹಣವನ್ನು ಊರಿನ ಆಡಳಿತ ತೆರುತ್ತಿತ್ತು. ಇನ್ನೊಂದು ಪದ್ಧತಿಯಲ್ಲಿ ಬಡವರು ಸರದಿಯಂತೆ ಮನೆಯಿಂದ ಮನೆಗೆ ತಿರುಗಬೇಕಿತ್ತು. ನಮ್ಮ ವಾರಾನ್ನದ ಹುಡುಗರ ನೆನಪಾಗುತ್ತದೆ, ನಿಜ; ಆದರೆ ಆ ಹುಡುಗರ ಮುಂದೆ ಓದು, ನೌಕರಿಗಳ ಭರವಸೆಯಿತ್ತು. ೧೮೭೧ರ ಕಾಯಿದೆಯಂತೂ ನೆರವು ದೊರೆಯದವನ ಮೇಲ್ಮನವಿಯ ಹಕ್ಕನ್ನೂ ಕಿತ್ತುಕೊಂಡಿತು.

೧೯೧೮ರ ಕಾಯಿದೆ ಈ ಎರಡೂ ಪದ್ಧತಿಗಳನ್ನು ನಿಷೇಧಿಸಿ, ವೃದ್ಧಾಶ್ರಮಗಳ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿತು. ಅದೇ ಕಾಲದಲ್ಲಿ ಜಿ. ಎಚ್. ಫಾನ್ ಕೋಕ್ ಎಂಬ ಸಮಾಜಸುಧಾರಕರು ಸರ್ಕಾರದ ತಪಾಸಣಾಧಿಕಾರಿಯಾಗಿ ನೇಮಕಗೊಂಡರು. ಆದರೂ ಮೂರು ದಶಕಗಳ ಅನಂತರ, ೧೯೪೯ರಲ್ಲಿ, ಲೇಖಕ ಇವಾರ್ ಲೂ-ಯೂಹಾನ್ಸನ್ ವೃದ್ಧಾಶ್ರಮಗಳನ್ನು ಸುತ್ತಿ ಬಂದು, ಅಲ್ಲಿನ ಏಕಾಂತ, ಅವಮಾನಗಳನ್ನು ರೇಡಿಯೋ ಹಾಗೂ ಪುಸ್ತಕದ ಮೂಲಕ ನಾಡಿನ ಮುಂದಿಟ್ಟರು. ಮನೆಯಲ್ಲಿಯೇ ಆರೈಕೆ ಬೇಕು ಎಂಬುದು ಅವರ ಬೇಡಿಕೆ. ಅಧಿಕಾರಿಯ ಕಣ್ಣು ಕಟ್ಟಡವನ್ನು ಬೇಗ ಕಾಣುತ್ತದೆ. ಅದರೊಳಗೆ ಮಾತಿಲ್ಲದೆ ಕುಳಿತವನನ್ನು ಅಷ್ಟು ಬೇಗ ಕಾಣುವುದಿಲ್ಲ.

ಇಲ್ಲಿ ವೈದ್ಯನಾಗಿ ಒಂದು ಮಾತು ಹೇಳಬೇಕು. ೧೯೩೬ರಲ್ಲಿ ಸ್ಟಾಕ್‌ಹೋಮಿನ ಮರಿಯಾ ಆಸ್ಪತ್ರೆಯಲ್ಲಿ ಅರಿವಳಿಕೆ ಮದ್ದಿಗೆ ಬದಲಾಗಿ ಕ್ರಿಮಿನಾಶಕ ದ್ರವವನ್ನು ಚುಚ್ಚಿದ್ದರಿಂದ ನಾಲ್ವರು ರೋಗಿಗಳು ಮೃತಪಟ್ಟರು. ಮರುವರ್ಷವೇ, ಚಿಕಿತ್ಸೆಯಲ್ಲಿ ಘಟಿಸಿದ ಗಂಭೀರ ಹಾನಿಯನ್ನು ಸರ್ಕಾರಕ್ಕೆ ವರದಿ ಮಾಡತಕ್ಕದ್ದೆಂಬ ನಿಯಮ ಬಂದಿತು. ಅದನ್ನು ಇಂದಿಗೂ ‘ಲೆಕ್ಸ್ ಮರಿಯಾ’ ಎನ್ನುತ್ತಾರೆ. ವೃದ್ಧರ ಆರೈಕೆಯಲ್ಲಿ ಅಂತಹ ನಿಯಮಕ್ಕೆ ಇನ್ನೂ ೬೨ ವರ್ಷ ಕಾಯಬೇಕಾಯಿತು. ೧೯೯೨ರ ಸುಧಾರಣೆಯಿಂದ ವೃದ್ಧರ ದೀರ್ಘಕಾಲಿಕ ಆರೈಕೆಯ ಹೊಣೆ ಪೌರಾಡಳಿತಗಳಿಗೆ ಬಂದಿತು. ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡುವುದೂ ಹೆಚ್ಚಿತು. ಹರಾಜಿನ ನೆನಪು ನನಗೆ ಇಲ್ಲಿ ಬರುವುದನ್ನು ತಡೆಯಲಾರೆ. ೧೯೯೭ರಲ್ಲಿ ಸೊಲ್ನಾ ನಗರದ ಆಶ್ರಮವೊಂದರಲ್ಲಿ ವೃದ್ಧರಿಗಾಗುತ್ತಿದ್ದ ನಿರ್ಲಕ್ಷ್ಯವನ್ನು ಬಹಿರಂಗಪಡಿಸಿದವರು ತಪಾಸಣಾಧಿಕಾರಿಯಲ್ಲ, ಸಾರಾ ವೆಗ್ನರ್ಟ್ ಎಂಬ ತರುಣ ಶುಶ್ರೂಷಾ ಸಹಾಯಕಿ. ಅವರ ಹೆಸರಿನ ‘ಲೆಕ್ಸ್ ಸಾರಾ’ ೧೯೯೯ರ ಜನವರಿ ೧ರಂದು ಜಾರಿಗೆ ಬಂದಿತು. ಅಲ್ಲಿಂದ ಮುಂದೆ ದುರವಸ್ಥೆಯನ್ನು ಕಂಡೂ ಸುಮ್ಮನಿರುವ ಸ್ವಾತಂತ್ರ್ಯ ಸಿಬ್ಬಂದಿಗೆ ಉಳಿಯಲಿಲ್ಲ. ೨೦೧೧ರಲ್ಲಿ ಅದು ಸಮಾಜಸೇವೆಯ ಎಲ್ಲ ಶಾಖೆಗಳಿಗೂ ವಿಸ್ತರಿಸಿತು.

ತಪಾಸಣೆಯ ಅಧಿಕಾರ ೨೦೧೦ರಲ್ಲಿ ಪ್ರಾಂತಾಡಳಿತಗಳಿಂದ ರಾಷ್ಟ್ರೀಯ ಸಮಾಜಕಲ್ಯಾಣ ಮಂಡಳಿಗೂ, ೨೦೧೩ರ ಜೂನ್ ೧ರಿಂದ ‘ಇವೋ’ ಎಂಬ ಪ್ರತ್ಯೇಕ ತಪಾಸಣಾ ಸಂಸ್ಥೆಗೂ ಸಂದಿತು. ಇವೋ ಮುನ್ಸೂಚನೆಯಿಲ್ಲದೆಯೂ ಬರಬಹುದು, ದಂಡದ ಎಚ್ಚರಿಕೆಯೊಡನೆ ಆದೇಶಿಸಬಹುದು, ಪರವಾನಗಿಯನ್ನು ರದ್ದುಗೊಳಿಸಬಹುದು. ಆದರೆ ೨೦೨೦ರ ಕೊರೋನಾ ಕಾಲದಲ್ಲಿ ಏನಾಯಿತು? ಸೋಂಕು ತಗುಲಿದ ಆಶ್ರಮವಾಸಿಗಳಲ್ಲಿ ಸುಮಾರು ಐದನೆಯ ಒಂದು ಪಾಲು ಮಂದಿಗೆ ವೈದ್ಯರ ವೈಯಕ್ತಿಕ ಪರಿಶೀಲನೆಯೇ ದೊರೆಯಲಿಲ್ಲವೆಂದು ಆ ವರ್ಷದ ನವೆಂಬರಿನಲ್ಲಿ ಇವೋ ಸಂಸ್ಥೆಯೇ ಪ್ರಕಟಿಸಿತು. ೨೧ ಪ್ರಾಂತಗಳಲ್ಲಿ ಒಂದೂ ತನ್ನ ಹೊಣೆಯನ್ನು ಸಾಕಷ್ಟು ನಿರ್ವಹಿಸಿರಲಿಲ್ಲ. ತಪಾಸಣೆ ಸತ್ಯವನ್ನು ಹೇಳಿತು, ಸತ್ತವರಿಗೆ ಅದು ತಡವಾಗಿತ್ತು.

ಇನ್ನು ನಮ್ಮ ಮನೆಯ ಮಾತು. ಮರೆವಿನ ರೋಗ ಬಲಿತಂತೆ, ತಡವಾಗಿ ಕಲಿತ ಭಾಷೆ ಮೊದಲು ಜಾರಿ, ತಾಯ್ನುಡಿ ಕೊನೆಯವರೆಗೆ ಉಳಿಯುವುದನ್ನು ವೈದ್ಯರು ಮತ್ತೆ ಮತ್ತೆ ಕಾಣುತ್ತಾರೆ. ತಪಾಸಣಾಧಿಕಾರಿ ಬಂದು “ಊಟ ಸರಿಯಾಗಿ ದೊರೆಯುತ್ತಿದೆಯೆ?” ಎಂದು ಸ್ವೀಡಿಷ್‌ನಲ್ಲಿ ಕೇಳಿದರೆ, ಕನ್ನಡವೊಂದೇ ಉಳಿದ ಅಜ್ಜಿ ಏನು ಉತ್ತರಿಸಿಯಾರು? ೨೦೧೦ರಲ್ಲಿ ಜಾರಿಗೆ ಬಂದ ಅಲ್ಪಸಂಖ್ಯಾತರ ಕಾಯಿದೆಯು ಗೊತ್ತಾದ ಪ್ರದೇಶಗಳಲ್ಲಿ ಫಿನ್ನಿಷ್, ಸಾಮಿ, ಮೆಯಾನ್‌ಕಿಯೆಲಿ ಭಾಷಿಕ ವೃದ್ಧರಿಗೆ ಅವರವರ ನುಡಿಯಲ್ಲಿ ಆರೈಕೆ ಪಡೆಯುವ ಹಕ್ಕನ್ನು ಕೊಟ್ಟಿದೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಆ ಅಜ್ಜಿಯ ಪಕ್ಕದಲ್ಲಿ ಕುಳಿತು ಆಕೆಯ ಮಾತನ್ನು ಅಧಿಕಾರಿಗೆ ತಿಳಿಸುವ ಕೆಲಸ ಸದ್ಯಕ್ಕೆ ನಮ್ಮ ಮಕ್ಕಳದು, ಇಲ್ಲವೆ ಈ ಸಂಘದ್ದು.